ಮೂರನೇ ಸಾಲಿನ ನೆಂಟರು

ಹೋದ ತಿಂಗಳು ಮಗಳ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ ಇತ್ತು. ಅವಳದು ರಾಜನ ವೇಷ. ಬಾಡಿಗೆ ಬಟ್ಟೆಯ ಅಂಗಡಿಯವನು ಕಿರೀಟ, ಕತ್ತಿಯ ಜೊತೆಗೆ ಮೀಸೆ ಅಂಟಿಸುವ ಗೋಂದಿನ ಪುಟ್ಟ ಸೀಸೆಯನ್ನೂ ಕೊಟ್ಟಿದ್ದ. ಮುಚ್ಚಳ ತಿರುಗಿಸಿದೆ, ಅಷ್ಟೆ. ಸ್ಪಿರಿಟ್ಟು ಮತ್ತು ರಾಳ ಬೆರೆತ ಆ ವಾಸನೆ ಮೂಗಿಗೆ ಏರಿದ ಕೂಡಲೇ ಸೀಸೆ ಕೈಜಾರಿ ಮೇಜಿನ ಮೇಲೆ ಉರುಳಿತು. ಮಗಳು ತುಟಿ ಮುಂದೆ ಚಾಚಿಕೊಂಡು ಕಾಯುತ್ತಿದ್ದಳು. ಅವಳಪ್ಪನೇ ಬಂದು ಮೀಸೆ ಅಂಟಿಸಬೇಕಾಯಿತು. ನಾನು ಬಾಲ್ಕನಿಗೆ ಹೋಗಿ ನಿಂತೆ.

ಆ ವಾಸನೆ ನನ್ನ ಮೂಗಿಗೆ ಕಡೆಯ ಸಲ ಬಡಿದದ್ದು ಓಡುವ ಟೆಂಪೊ ಒಂದರ ಹಿಂಬದಿಯಲ್ಲಿ. ಅಂಟಿಸಿದ ಬಿಳಿಗಡ್ಡ ಅರ್ಧ ಕಿತ್ತು ಕೆನ್ನೆಯಿಂದ ಜೋಲುತ್ತಿದ್ದ ಒಂದು ಮುಖದ ಮೇಲೆ ನಾನು ಬಗ್ಗಿದ್ದೆ. ಗೋಂದಿನ ವಾಸನೆ, ರಕ್ತದ ವಾಸನೆ ಎರಡೂ ಒಂದಾಗಿ ಹೋಗಿದ್ದವು...

ಆಗ ನನಗೆ ಡಿಪ್ಲೊಮಾ ಮುಗಿದು ಸ್ವಲ್ಪ ದಿನವಾಗಿತ್ತು. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಕೆಲಸ. ಕಾರುಗಳ ಬಾಗಿಲಿಗೆ, ಸೀಟಿಗೆ ಬೇಕಾದ ತಗಡಿನ ಭಾಗಗಳನ್ನು ಅಲ್ಲಿ ಒತ್ತಿ ತೆಗೆಯುತ್ತಿದ್ದರು. ತಯಾರಾಗಿ ಬಂದ ಮಾಲನ್ನು ಅಳತೆ ಹಾಕಿ ನೋಡುವ ವಿಭಾಗದಲ್ಲಿ ನಾನಿದ್ದೆ. ನಮ್ಮ ಗೋಡೆಯಾಚೆಗೇ ಪ್ರೆಸ್ ಶಾಪು. ಮಾಳಿಗೆಯೆತ್ತರದ ಯಂತ್ರಗಳು ದಿನವಿಡೀ ತಗಡಿನ ಮೇಲೆ ಗುದ್ದುತ್ತಿದ್ದವು. ಪ್ರತಿ ಗುದ್ದಿಗೂ ನೆಲ ಅದುರಿ, ಮೇಜಿನ ಮೇಲಿನ ಟೀ ಲೋಟದಲ್ಲಿ ಉಂಗುರ ಏಳುತ್ತಿತ್ತು.

ಅಲ್ಲಿ ಒಬ್ಬ ಆಪರೇಟರ್ ಇದ್ದ. ಕೊಪ್ಪಳದ ಕಡೆಯವನು. ಎಲ್ಲರೂ ಅವನನ್ನು ಪ್ರೆಸ್ಸಣ್ಣ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವನಿಗೆ ನಾನು ತಂಗಿ. ಮೂವತ್ತೈದರ ಆಸುಪಾಸಿನ ಗಟ್ಟಿ ಆಳು. ಯಂತ್ರದ ಸದ್ದನ್ನು ಮೀರಿ ಕೇಳುವ ಗಂಟಲು. ಎಡಕಿವಿಯ ಕೆಳಗಿಂದ ಭುಜದವರೆಗೆ ಹಗ್ಗ ಮಲಗಿಸಿದ ಹಾಗೆ ದಪ್ಪ ಗಾಯದ ಗುರುತು. ಅದರ ಮೇಲೆ ಸದಾ ಟವೆಲ್ ಇರುತ್ತಿತ್ತು. ಯಾರಾದರೂ ಕೇಳಿದರೆ ಹೋರಿ ಹಾಯ್ದದ್ದು ಅನ್ನುತ್ತಿದ್ದ. ಅವನ ಹೆಂಡತಿಯನ್ನು ನಾನು ಅತ್ತಿಗೆ ಅನ್ನುತ್ತಿದ್ದೆ. ದಾಸರಹಳ್ಳಿಯ ಹಿಂದಿನ ಗಲ್ಲಿಯಲ್ಲಿ ಅವರಿಬ್ಬರದು ಒಂದೇ ಕೋಣೆ. ಅತ್ತಿಗೆ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ, ತಮ್ಮ ಕಡೆಯ ಹುಡುಗರ ರೂಮುಗಳಿಗೆ ಕೊಡುತ್ತಿದ್ದರು. ಅವರ ಬಲಗೈಯಲ್ಲಿ ಎರಡು ಬೆರಳು ಇರಲಿಲ್ಲ. ಎಡಗೈಯಲ್ಲಿ ತಟ್ಟುತ್ತಿದ್ದರು. ಅದನ್ನು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಪ್ರತಿವರ್ಷ ರಾಜ್ಯೋತ್ಸವಕ್ಕೆ ಕಾರ್ಖಾನೆಯಲ್ಲಿ ಒಂದು ನಾಟಕ ಆಗುತ್ತಿತ್ತು. ಆಡಿಸಲು ಬರುತ್ತಿದ್ದವರು ದಾವಣಗೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಜುಬ್ಬ. ಮಗಳ ಜೊತೆ ಯಶವಂತಪುರದ ಅಪಾರ್ಟ್‌ಮೆಂಟಿನಲ್ಲಿದ್ದರು. ಆ ಪೇಟೆ ಅವರಿಗೆ ಒಗ್ಗಿರಲಿಲ್ಲ. ಆ ವರ್ಷ ಅವರು ಆರಿಸಿದ್ದು ಎಲ್ಲಿಯದೋ ಒಂದು ಹಳೇ ಕಾಲದ ನಗೆನಾಟಕ. ತಾವೇ ಕನ್ನಡಕ್ಕೆ ತಂದಿದ್ದರು.

ಕಥೆ ಸುಲಭದ್ದು. ಅರಮನೆ ತುಂಬ ಚಾಡಿಕೋರರು, ಲಂಚಕೋರರು. ಒಬ್ಬ ನೇರ ನಡತೆಯ ಮಂತ್ರಿ ಇದ್ದಾನೆ. ರಾಜನ ಕಿವಿ ಕಚ್ಚಿ ಅವನನ್ನು ಕೊಲ್ಲಿಸುವ ಸಂಚು ನಡೆಯುತ್ತದೆ. ಮಂತ್ರಿ ಮಗಳನ್ನು ಕರೆದುಕೊಂಡು ರಾತ್ರೋರಾತ್ರಿ ಓಡಿ, ದೂರದ ಕುರಿಗಾಹಿಗಳ ಹಳ್ಳಿ ಸೇರುತ್ತಾನೆ. ಅಲ್ಲಿ ಎಲ್ಲ ಹಾಲು, ಬೆಣ್ಣೆ, ಹಾಡು. ಹಿಂದೆಯೇ ಅರಮನೆಯವರು ಒಬ್ಬ ಕೊಲೆಗಾರನನ್ನು ಕಳಿಸುತ್ತಾರೆ. ಕತ್ತಿ ಹಿರಿದುಕೊಂಡು ಬಂದವನಿಗೆ ಹಳ್ಳಿಯ ಹಿರಿಯ ಒಂದು ಬಟ್ಟಲು ಮಜ್ಜಿಗೆ ಕೊಡುತ್ತಾನೆ. ಕೊಲೆಗಾರ ಕತ್ತಿ ಇಳಿಸಿ ಅಳುತ್ತಾನೆ. ಕಡೆಗೆ ಎರಡು ಮದುವೆ, ಒಂದು ಕುಣಿತ.

ನಾನು ಮಂತ್ರಿಯ ಮಗಳು. ಕೊಲೆಗಾರನ ಪಾತ್ರ ನಮ್ಮ ಟೆಂಪೊ ಡ್ರೈವರನಿಗೆ, ಅವನು ಪೀಣ್ಯದಲ್ಲೇ ಹುಟ್ಟಿದವನು. ಹಳ್ಳಿಯ ಹಿರಿಯ ಪ್ರೆಸ್ಸಣ್ಣ. ಅವನ ಗಂಟಲು ಕೇಳಿಯೇ ಮೇಷ್ಟ್ರು ಆರಿಸಿದ್ದರು. ಆ ಪಾತ್ರಕ್ಕೆ ಒಂದು ಉದ್ದನೆಯ ಮಾತಿತ್ತು. ಅರಮನೆಯ ಕೊಳಕನ್ನೂ ಹಳ್ಳಿಯ ಚೆಲುವನ್ನೂ ಪಕ್ಕಪಕ್ಕ ಇಟ್ಟು ಹೇಳುವ ಮಾತು. "ಇಲ್ಲಿ ಬಾಗಿಲಿಗೆ ಬೀಗವಿಲ್ಲ ಮಂತ್ರಿಗಳೇ, ಹಾಲಿನಲ್ಲಿ ವಿಷವಿಲ್ಲ" ಎಂದು ಶುರುವಾಗುತ್ತಿತ್ತು. ಇಡೀ ನಾಟಕ ನಿಂತಿರುವುದೇ ಅದರ ಮೇಲೆ ಎಂದು ಮೇಷ್ಟ್ರು ಹೇಳುತ್ತಿದ್ದರು.

ಶಿಫ್ಟು ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಮೇಜು ಬದಿಗೆ ಸರಿಸಿ ತಾಲೀಮು ಮಾಡುತ್ತಿದ್ದೆವು. ಟೆಂಪೊ ಡ್ರೈವರನಿಗೆ ಕತ್ತಿ ಇಳಿಸುವುದು ಸುತರಾಂ ಇಷ್ಟವಿರಲಿಲ್ಲ.

"ಮೇಷ್ಟ್ರೇ, ಅಷ್ಟ್ ದೂರದಿಂದ ಬಂದು ಮಜ್ಜಿಗೆ ಕುಡ್ದು ಅಳೋದಾ? ಎರಡು ಹಾಕ್ಬಿಟ್ರೆ ಜನ ವಿಸಿಲ್ ಹೊಡೀತಾರೆ."

"ಅತ್ರೂ ಹೊಡೀತಾರಪ್ಪ, ನೀನು ಸರಿಯಾಗಿ ಅಳು," ಎಂದು ಮೇಷ್ಟ್ರು ನಗುತ್ತಿದ್ದರು.

ಪ್ರೆಸ್ಸಣ್ಣ ಎಲ್ಲ ಮಾತನ್ನೂ ಬೇಗ ಕಲಿತ. ಆ ಉದ್ದನೆಯ ಮಾತು ಬಂದಾಗ ಮಾತ್ರ ತಡವರಿಸುತ್ತಿದ್ದ. ಒಂದು ದಿನ ಬೀಗ ಮರೆತರೆ, ಇನ್ನೊಂದು ದಿನ ಹಾಲು ಮರೆಯುತ್ತಿದ್ದ. ಬಾಯಿಪಾಠ ಆಗಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಆ ನಡುವೆಯೇ ಪ್ರೆಸ್ ಶಾಪಿನಲ್ಲಿ ಅನಾಹುತವಾಯಿತು. ಬಿಹಾರದ ಒಬ್ಬ ಆಪರೇಟರನ ಕೈ ಯಂತ್ರದ ಅಡಿಯಲ್ಲಿ ಸಿಕ್ಕಿತು. ನಾನು ಗೋಡೆಯಾಚೆ ಇದ್ದೆ. ಗುದ್ದಿನ ಸದ್ದಿನಲ್ಲಿ ಏನೋ ಬೇರೆ ಆಯಿತು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ. ಆಮೇಲೆ ಕೂಗು. ಓಡಿ ಹೋಗಿ ನೋಡಿದರೆ, ಪ್ರೆಸ್ಸಣ್ಣ ಯಂತ್ರ ನಿಲ್ಲಿಸಿ ಆ ಮನುಷ್ಯನನ್ನು ಹಿಂದಿನಿಂದ ತಬ್ಬಿ ಹಿಡಿದಿದ್ದ. ಅಂಗೈ ಇರಬೇಕಾದ ಜಾಗದಲ್ಲಿ ತಗಡಿಗೆ ಅಂಟಿಕೊಂಡ ಚಪ್ಪಟೆ ಏನೋ ಇತ್ತು... ಅದನ್ನು ಇನ್ನೂ ಬಿಡಿಸಿ ಬರೆಯಲಾರೆ.

ಕೈ ಒಳಗಿರುವಾಗ ಯಂತ್ರ ಇಳಿಯದಂತೆ ತಡೆಯುವ ಒಂದು ಕಣ್ಣು ಪ್ರತಿ ಪ್ರೆಸ್ಸಿಗೂ ಇರುತ್ತದೆ. ಅದು ಇದ್ದರೆ ಕೆಲಸ ನಿಧಾನ. ಹೆಚ್ಚು ಮಾಲು ತೆಗೆಯಬೇಕೆಂದು ಲೇಬರ್ ಕಂಟ್ರಾಕ್ಟರ್ ಆ ಬೆಳಿಗ್ಗೆಯೇ ಅದನ್ನು ಬಂದ್ ಮಾಡಿಸಿದ್ದ. ಶಾಪಿನಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಆದರೂ ಸಂಜೆಯೊಳಗೆ, ಆ ಆಪರೇಟರ್ ಕುಡಿದು ಕೆಲಸಕ್ಕೆ ಬಂದಿದ್ದ ಎಂಬ ಸುದ್ದಿ ಎಲ್ಲ ಕಡೆ ಹಬ್ಬಿತು. ಮ್ಯಾನೇಜರ್ ಹಾಗೇ ಹೇಳಿದರು. ಸೂಪರ್‌ವೈಸರ್ ಹಾಗೇ ಹೇಳಿದ. ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು, ನೀನೂ ಹಾಗೇ ಹೇಳಬೇಕು ಎಂದರು. ಕಾರ್ಖಾನೆಗಳ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ಪ್ರೆಸ್ಸಣ್ಣ ಒಬ್ಬನೇ, "ಕುಡದಿರ್ಲಿಲ್ರಿ ಸಾಹೇಬ್ರ. ಕಣ್ಣು ಬಂದ್ ಇತ್ತು. ಮಾಡಿಸಿದಾವರು ಕಂಟ್ರಾಕ್ಟರು," ಎಂದುಬಿಟ್ಟ. ರಾಜ್ಯೋತ್ಸವದ ಮಾರನೇ ವಾರ ಕಚೇರಿಗೆ ಬಂದು ಅದನ್ನೇ ಬರೆದು ಸಹಿ ಹಾಕಿ ಕೊಡಬೇಕೆಂದು ಇನ್ಸ್‌ಪೆಕ್ಟರ್ ಹೇಳಿ ಹೋದರು.

ಕಂಟ್ರಾಕ್ಟರ್ ಪ್ರೆಸ್ಸಣ್ಣನ ಹೆಗಲ ಮೇಲೆ ಕೈ ಹಾಕಿಕೊಂಡು ಕ್ಯಾಂಟೀನಿನ ತನಕ ನಡೆದು ಬಂದದ್ದನ್ನು ನಾನೇ ನೋಡಿದೆ. ಚಿನ್ನದ ಕಡಗ, ನಗುಮುಖ.

"ಏನ್ ಗುರು, ನಾಟಕದಲ್ಲಿ ಪಾರ್ಟ್ ಸಿಕ್ತು ಅಂತ ಹೊರಗೂ ಹೀರೋ ಆಗ್ಬಿಟ್ಯಾ?"

ಪ್ರೆಸ್ಸಣ್ಣ ಆ ಕೈಯನ್ನು ಹೆಗಲಿಂದ ಇಳಿಸಿ ಟೀ ತರಲು ಹೋದ. ಆ ದಿನ ಶಿಫ್ಟು ಬಿಟ್ಟು ಹೋಗುವಾಗ ಮೇಲ್ಸೇತುವೆಯ ಕೆಳಗೆ ನಾಲ್ಕೈದು ಜನ ಅವನನ್ನು ಹಿಡಿದರು. ಕಬ್ಬಿಣದ ಪೈಪಿನಲ್ಲಿ ಹೊಡೆದರು. ಮುಖ ಬಿಟ್ಟು ಬೇರೆಲ್ಲ ಕಡೆ ಹೊಡೆಯಿರಿ ಎಂದು ಒಬ್ಬ ಹೇಳುತ್ತಿದ್ದನಂತೆ, ನಾಟಕ ಇದೆಯಲ್ಲ ಎಂದು. ಆದರೂ ಮುಖಕ್ಕೂ ಬಿತ್ತು.

ಎರಡು ದಿನ ಬಿಟ್ಟು ಅವನು ತಾಲೀಮಿಗೆ ಬಂದ. ಒಂದು ಕಣ್ಣು ಮುಚ್ಚಿತ್ತು. ಉಸಿರೆಳೆದರೆ ಪಕ್ಕೆಯನ್ನು ಒತ್ತಿ ಹಿಡಿಯುತ್ತಿದ್ದ. ಬೇರೆಯವರಿಗೆ ಪಾತ್ರ ಕೊಡುತ್ತೇನೆ ಎಂದು ಮೇಷ್ಟ್ರು ಹೇಳಿದರೂ ಕೇಳಲಿಲ್ಲ. ಆ ಉದ್ದನೆಯ ಮಾತು ಬಂತು. "ಇಲ್ಲಿ ಬಾಗಿಲಿಗೆ ಬೀಗವಿಲ್ಲ ಮಂತ್ರಿಗಳೇ..." ಅಷ್ಟಕ್ಕೇ ನಿಂತುಬಿಟ್ಟ. ಮತ್ತೆ ಶುರು ಮಾಡಿದ, ಮತ್ತೆ ಅಲ್ಲೇ ನಿಂತ. ಮೇಷ್ಟ್ರಿಗೆ ಸಿಟ್ಟು ಬಂತು.

"ಇದೊಂದು ಮಾತು ಯಾಕಪ್ಪ ಬರ್ತಿಲ್ಲ ನಿನಗೆ? ನೀನು ಹಳ್ಳಿಯವನೇ ಅಲ್ವ?"

"ಅದಕ್ಕ ಬರವಲ್ದ್ರಿ, ಮಾಸ್ತರ," ಎಂದ ಪ್ರೆಸ್ಸಣ್ಣ.

ಆಮೇಲೆ ಟವೆಲ್ ತೆಗೆದು ಬೆಂಚಿನ ಮೇಲಿಟ್ಟು, ಕೂತು ಹೇಳಿದ. ಅಡುಗೆಯವರು ಹೊತ್ತಾಯಿತೆಂದು ಪಾತ್ರೆ ತೊಳೆಯುತ್ತಿದ್ದರು, ನೀರಿನ ಸದ್ದಿನ ನಡುವೆಯೇ ಹೇಳಿದ. ಅವನ ಕೇರಿ ಊರ ಹೊರಗಿನದು. ಅತ್ತಿಗೆಯ ಮನೆ ಊರ ನಡುವಿನದು, ಜಮೀನಿದ್ದವರ ಮನೆ. ಇಬ್ಬರೂ ಓಡಿ ಹೋಗಿ ಹೊಸಪೇಟೆಯಲ್ಲಿ ಮದುವೆಯಾಗಿ ಒಂದು ವರ್ಷ ಇದ್ದರು. ಆಮೇಲೆ ಅತ್ತಿಗೆಯ ಅಣ್ಣನ ಫೋನು ಬಂತು. ಆದದ್ದಾಯಿತು, ತಾಯಿಗೆ ಹುಷಾರಿಲ್ಲ, ಹಬ್ಬಕ್ಕೆ ಬನ್ನಿ ಅಂತ. ಹೋದರು. ಒಳಗೆ ಕೂರಿಸಿ ಹೋಳಿಗೆ ಬಡಿಸಿದರು. ಅತ್ತಿಗೆಯ ತಾಯಿಯೇ ತುಪ್ಪ ಹಾಕಿದರು.

"ಉಂಡ್ ಕೈ ತೊಳಿಯಾಕ ಹಿತ್ತಲಕ್ಕ ಹೋದ್ನಿ. ನೀರು ಹಾಕಾವ ಅಕಿ ದೊಡ್ಡಣ್ಣ. ನಾ ಬಗ್ಗಿದಾಗ ಕೊಡ್ಲಿ ಬಿತ್ತು." ಅವನು ಕತ್ತಿನ ಗುರುತನ್ನು ಮುಟ್ಟಿಕೊಂಡ. "ಎರಡನೇದು ತಲಿಗಿ ಬರಬೇಕಿತ್ತು. ಅಕಿ ಓಡಿ ಬಂದು ಅಡ್ಡ ಕೈ ಕೊಟ್ಲು. ಎರಡು ಬಳ್ಳು ಅಲ್ಲೇ ಕಲ್ಲಿನ ಮ್ಯಾಲ ಬಿದ್ವು. ಸಣ್ಣಾವ, ಅಕಿ ತಮ್ಮ, ಹಿತ್ತಲ ಬಾಗಲಾ ತಗದ. ಅವ ತಗೀಲಿಲ್ಲಂದ್ರ ಇಬ್ರೂ ಅಲ್ಲೇ ಹೋಗ್ತಿದ್ವಿ. ಆ ಬಾಗಲಕ್ಕ ಕೀಲಿ ಇರ್ಲಿಲ್ಲ ನೋಡ್ರಿ, ಅದೊಂದು ಮಾತು ಖರೆ."

ಮೇಷ್ಟ್ರು ಕೈಯಲ್ಲಿದ್ದ ನಾಟಕದ ಹಾಳೆಗಳನ್ನು ಮಡಚಿ, "ಹಾಗಾದ್ರೆ ಈ ನಾಟಕ ಸುಳ್ಳು ಅಂತೀಯ?" ಎಂದರು.

"ಸುಳ್ಳು ಅನ್ನಂಗಿಲ್ರಿ. ಅರಮನಿ ಮಾತು ಪೂರಾ ಖರೇನ ಐತಿ, ದಿನಾ ನೋಡ್ತೀವಿ. ಹಳ್ಳಿ ಮಾತು ಬರದಾವರು ಹಳ್ಳ್ಯಾಗ ಇರ್ಲಿಲ್ಲ ಕಾಣಸ್ತೈತಿ."

ಮೇಷ್ಟ್ರು ಆ ಮಾತನ್ನು ತೆಗೆದುಹಾಕುತ್ತೇನೆ ಎಂದರು. ಬೇಡ ಎಂದವನು ಪ್ರೆಸ್ಸಣ್ಣನೇ. "ಇರ್ಲಿ ಬಿಡ್ರಿ, ಹೇಳ್ತೀನಿ. ಅಂಥಾದೊಂದು ಊರು ಇದ್ರ ಚೊಲೊ ಇರ್ತಿತ್ತಲ್ಲ."

ಅಂದಿನಿಂದ ಅವನಿಗೆ ಆ ಮಾತು ತಪ್ಪಲಿಲ್ಲ. ಆದರೆ ಅವನು ನಮಗೆ ಹೇಳಿದ್ದನ್ನು ಕ್ಯಾಂಟೀನಿನಿಂದ ಹೊರಗೆ ಒಯ್ದವರು ಯಾರು ಎಂಬುದು ಇವತ್ತಿಗೂ ನಮಗೆ ತಿಳಿದಿಲ್ಲ. ಅಲ್ಲಿದ್ದವರು ನಾವು ಹತ್ತು ಹದಿನೈದು ಮಂದಿ ಮಾತ್ರ...

ನಾಟಕ ಒಂದು ಭಾನುವಾರ ಮಧ್ಯಾಹ್ನ. ಕಾರ್ಖಾನೆಯ ಅಂಗಳದಲ್ಲಿ ಶಾಮಿಯಾನ, ಲಾರಿಗೆ ಮಾಲು ತುಂಬುವ ಕಟ್ಟೆಯೇ ರಂಗ. ಕೆಲಸಗಾರರು, ಅವರ ಹೆಂಡತಿ ಮಕ್ಕಳು ಸೇರಿ ಅಂಗಳ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಾಲೀಕರು, ಮ್ಯಾನೇಜರ್, ಕೊರಳಲ್ಲಿ ಹಾರ ಹಾಕಿಕೊಂಡ ಕಂಟ್ರಾಕ್ಟರ್. ಸ್ಟೋರ್ ರೂಮಿನಲ್ಲಿ ನಮಗೆ ಬಣ್ಣ ಹಚ್ಚುತ್ತಿದ್ದರು. ಪ್ರೆಸ್ಸಣ್ಣನಿಗೆ ಬಿಳಿಗಡ್ಡ ಅಂಟಿಸಿ, ಹೆಗಲಿಗೆ ಕಂಬಳಿ ಹೊದಿಸಿದ್ದರು. ಜನ ಎಷ್ಟು ಬಂದಿದ್ದಾರೆ ಎಂದು ಅವನು ಪರದೆಯ ಸಂದಿನಿಂದ ನೋಡಿದ. ನೋಡಿದವನು ಅಲ್ಲೇ ನಿಂತುಬಿಟ್ಟ.

"ಏನಣ್ಣ?" ಎಂದೆ.

"ಮೂರನೇ ಸಾಲು ನೋಡು, ತಂಗಿ. ಬಿಳಿ ಅಂಗಿ, ನೀಲಿ ಅಂಗಿ. ನಿಮ್ಮತ್ತಿಗಿ ಅಣ್ಣ, ತಮ್ಮ."

ಬಿಳಿ ಅಂಗಿಯವನಿಗೆ ನಲವತ್ತು ದಾಟಿತ್ತು. ತೊಡೆಯ ಮೇಲೆ ಒಂದು ಕೈಚೀಲ ಇಟ್ಟುಕೊಂಡಿದ್ದ. ನೀಲಿ ಅಂಗಿಯವನು ಚಿಕ್ಕವನು, ತಲೆ ಎತ್ತದೆ ಕೂತಿದ್ದ. ನಾನು ಮೇಷ್ಟ್ರನ್ನು ಕರೆದೆ. ಟೆಂಪೊ ಡ್ರೈವರ್ ಗೇಟಿಗೆ ಓಡಿ ಸೆಕ್ಯುರಿಟಿಯವನನ್ನು ಕೇಳಿಕೊಂಡು ಬಂದ. "ಕಂಟ್ರಾಕ್ಟರ್ ಸಾರ್ ಗೆಸ್ಟು, ಬಿಡು ಅಂದ್ರಂತೆ ಕಣ್ರೀ," ಎಂದ. ಅವನ ಮುಖದ ಬಣ್ಣದ ಮೇಲೆ ಬೆವರು ಇಳಿಯುತ್ತಿತ್ತು.

ಮೇಷ್ಟ್ರು ಪೊಲೀಸ್ ಠಾಣೆಗೆ ಫೋನು ಮಾಡಿದರು. ಜೀಪು ಕಳಿಸುತ್ತೇವೆ ಎಂದು ಅವರು ಹೇಳಿದರು. ಹಿಂದಿನ ಗೇಟಿನಿಂದ ಈಗಲೇ ಹೊರಡು, ನಾಟಕ ನಿಲ್ಲಿಸುತ್ತೇನೆ ಎಂದು ಮೇಷ್ಟ್ರು ಪ್ರೆಸ್ಸಣ್ಣನಿಗೆ ಕೈ ಮುಗಿದರು.

"ಹೊಸಪ್ಯಾಟಿ ಬಿಟ್ವಿ, ರಾಯಚೂರು ಬಿಟ್ವಿ," ಎಂದ ಪ್ರೆಸ್ಸಣ್ಣ. "ಇನ್ನೆಲ್ಲಿಗಿ ಓಡೂದ್ರಿ, ಮಾಸ್ತರ? ಇಷ್ಟು ಮಂದಿ ಮುಂದ ಏನ್ ಮಾಡ್ತಾರ? ಮಂದಿ ಇಲ್ಲದ ಜಾಗಾದಾಗ ಸಿಗೂದಕಿಂತ ಇದ ಚೊಲೊ."

ಅತ್ತಿಗೆ ಆಗ ಕ್ಯಾಂಟೀನಿನ ಅಡುಗೆಮನೆಯಲ್ಲಿ, ನಾಟಕದವರ ಊಟಕ್ಕೆ ರೊಟ್ಟಿ ತಟ್ಟುತ್ತಿದ್ದರು. ಅವರಿಗೆ ಏನೂ ಹೇಳಬೇಡಿ, ಹೊರಗಿನಿಂದ ಚಿಲಕ ಹಾಕಿ ಎಂದು ಪ್ರೆಸ್ಸಣ್ಣ ಅಡುಗೆಯ ಹೆಂಗಸರಿಗೆ ಹೇಳಿ ಬಂದ. ನಾಟಕ ಶುರುವಾಯಿತು.

ಅರಮನೆಯ ದೃಶ್ಯಗಳಿಗೆ ಜನ ಬಿದ್ದು ಬಿದ್ದು ನಕ್ಕರು. ಲಂಚ ತಿನ್ನುವ ಸೇನಾಪತಿ ಬಂದಾಗಲೆಲ್ಲ ಹಿಂದಿನ ಸಾಲಿನಿಂದ ಮ್ಯಾನೇಜರ್ ಹೆಸರು ಕೂಗಿದರು. ಆಮೇಲೆ ಹಳ್ಳಿ ಬಂತು. ನಾನು, ಮಂತ್ರಿಯ ಪಾತ್ರದವರು ದಣಿದು ಬಂದು ಕೂತೆವು. ಪ್ರೆಸ್ಸಣ್ಣ ಕೋಲೂರಿಕೊಂಡು ನಮ್ಮ ಮುಂದೆ ಬಂದು ನಿಂತ.

"ಇಲ್ಲಿ ಬಾಗಿಲಿಗೆ ಬೀಗವಿಲ್ಲ ಮಂತ್ರಿಗಳೇ. ಹಾಲಿನಲ್ಲಿ ವಿಷವಿಲ್ಲ." ಅಷ್ಟು ಹೇಳಿ ಸುಮ್ಮನಾದ. ಮರೆತನೇನೋ ಎಂದು ನಾನು ಮುಂದಿನ ಮಾತನ್ನು ಮೆಲ್ಲಗೆ ಎತ್ತಿಕೊಟ್ಟೆ. ಅವನು ನನ್ನ ಕಡೆ ನೋಡಿ ತಲೆಯಾಡಿಸಿದ. ಕಂಬಳಿ ಕೆಳಗೆ ಹಾಕಿದ. ಅಂಗಿಯ ಗುಂಡಿ ಬಿಚ್ಚಿ ಕತ್ತನ್ನು ಜನರ ಕಡೆ ತಿರುಗಿಸಿದ.

"ಇದು ಬರದಿಟ್ಟ ಮಾತು. ಇನ್ನ ನಾ ಕಂಡದ್ದು ಹೇಳ್ತೀನಿ, ಮಂತ್ರಿಗಳ. ಹಾಲಿನ್ಯಾಗ ವಿಷ ಇರ್ಲಿಲ್ಲ. ಹೋಳಿಗಿ ಭಾಳ ರುಚಿ ಇತ್ತು. ಮ್ಯಾಲೆ ತುಪ್ಪಾನೂ ಹಾಕಿದ್ರು. ಕೈ ತೊಳಿಯಾಕ ಬಗ್ಗಿದಾಗ ಕೊಡ್ಲಿ ಬಡಿಸಿದ್ರು."

ಜನ ಘೊಳ್ಳೆಂದು ನಕ್ಕರು. ಅವನ ಭಾಷೆ, ಆ ಗಡ್ಡ, ಕೊಡಲಿ ಬಡಿಸುವ ಮಾತು... ನಗೆನಾಟಕ ನೋಡಲು ಬಂದವರು ಅವರು.

"ಕೊಡ್ಲಿ ಬಡಿಸಿದಾವರು ಇವತ್ತ ಇಲ್ಲೇ ಬಂದಾರ. ಮೂರನೇ ಸಾಲು. ಬಿಳಿ ಅಂಗಿ. ಅವರು ನನ್ನ ಬೀಗರು. ನನ್ನ ಹೆಂಡತಿ ಅಣ್ಣ." ಇನ್ನೂ ಜೋರಾಗಿ ನಕ್ಕರು. ಯಾರೋ ವಿಸಿಲ್ ಹೊಡೆದರು. ಮೂರನೇ ಸಾಲಿನ ಕಡೆ ಎಲ್ಲರ ಕುತ್ತಿಗೆ ತಿರುಗಿತು. "ಮಾರಿ ನೋಡಿ ಇಟ್ಕೊಳ್ರಿ ಎಲ್ಲಾರೂ. ನಾಳೆ ನಾವು ಗಂಡ ಹೆಂಡ್ತಿ ಸತ್ರ ಹುಡುಕೂದು ಬ್ಯಾಡ. ಕೊಲ್ಲಾಕ ಬಂದಾವರು ಇವರು. ಕರಸಿದಾವರು ಮುಂದಿನ ಸಾಲಿನ್ಯಾಗ ಹಾರ ಹಾಕ್ಕೊಂಡು ಕುಂತಾರ."

ನಗು ಒಂದು ಕಡೆಯಿಂದ ಅಡಗುತ್ತ ಬಂತು. ಕಂಟ್ರಾಕ್ಟರನ ಮುಖದಲ್ಲಿ ಅರ್ಧ ನಗು ಹಾಗೇ ಉಳಿದಿತ್ತು. ಅವನು ಹಾರ ತೆಗೆದ. ಅಷ್ಟರಲ್ಲಿ ಬಿಳಿ ಅಂಗಿಯವನು ಎದ್ದು ಕುರ್ಚಿಗಳ ಮೇಲೆ ಕಾಲಿಟ್ಟುಕೊಂಡೇ ಬಂದ. ಕೈಚೀಲದಿಂದ ಮಚ್ಚು ತೆಗೆದದ್ದು ನನಗೆ ಕಂಡಿತು. ಟೆಂಪೊ ಡ್ರೈವರ್ ಪರದೆ ಸರಿಸಿ ನುಗ್ಗಿ ಅಡ್ಡ ನಿಂತ. ಅವನ ಕೈಯಲ್ಲಿದ್ದದ್ದು ತಗಡಿನ ಕತ್ತಿ. ಮೊದಲ ಏಟಿಗೇ ಅದು ಮಡಚಿ ಹೋಗಿ, ಏಟು ಅವನ ತೋಳಿಗೆ ಬಿತ್ತು. ಎರಡನೆಯದು ಪ್ರೆಸ್ಸಣ್ಣನ ಹೊಟ್ಟೆಗೆ. ಮೂರನೆಯದೂ ಅಲ್ಲಿಗೇ. ಪ್ರೆಸ್ಸಣ್ಣ ಕೋಲಿನಿಂದ ಅವನ ಮುಖಕ್ಕೆ ಹೊಡೆದ. ಮೂಗು ಒಡೆದ ಸದ್ದು ನನಗೆ ಕೇಳಿತು. ಇಬ್ಬರೂ ಕಟ್ಟೆಯಿಂದ ಕೆಳಗೆ ಉರುಳಿದರು.

ಮುಂದಿನ ಸಾಲಿನ ಒಂದು ಮಗುವಿನ ಫ್ರಾಕಿಗೆ ರಕ್ತ ಸಿಡಿದಾಗಲೇ ಜನರಿಗೆ ಇದು ನಾಟಕವಲ್ಲ ಎಂದು ತಿಳಿದದ್ದು. ಆಮೇಲೆ ಅಂಗಳ ಎದ್ದಿತು. ಕುರ್ಚಿ, ಶಾಮಿಯಾನದ ಗಳ, ಸಿಕ್ಕಿದ್ದರಲ್ಲಿ ಹೊಡೆದರು. ಬಿಳಿ ಅಂಗಿಯವನು ಕಾಲುಗಳ ಅಡಿಯಲ್ಲಿ ಮುಳುಗಿ ಹೋದ. ಓಡಲು ನೋಡಿದ ನೀಲಿ ಅಂಗಿಯವನನ್ನು ಕೂದಲು ಹಿಡಿದು ಎಳೆದು ತಂದು ಕಲ್ಲಿನಿಂದ ಜಜ್ಜತೊಡಗಿದರು. ದಿನಾ ನನ್ನ ಜೊತೆ ಟೀ ಕುಡಿಯುತ್ತಿದ್ದ ಕೈಗಳೇ ಅವು.

ಪ್ರೆಸ್ಸಣ್ಣ ಬಿದ್ದಲ್ಲಿಂದಲೇ ಏನೋ ಹೇಳುತ್ತಿದ್ದ. ಕಿವಿ ಹತ್ತಿರ ಒಯ್ದೆ. "ಸಣ್ಣಾವ್ನ ಬಿಡ್ರಿ. ಬಾಗಲಾ ತಗದಾವ ಅವ." ನಾನು ಗಂಟಲು ಹರಿಯುವಂತೆ ಅದನ್ನೇ ಕಿರುಚಿದೆ. ಯಾರಿಗೂ ಕೇಳಲಿಲ್ಲ, ಮೇಷ್ಟ್ರಿಗೆ ಮಾತ್ರ ಕೇಳಿತು. ಎಪ್ಪತ್ತರ ಹತ್ತಿರದ ಆ ಮನುಷ್ಯ ಗುಂಪಿನೊಳಗೆ ನುಗ್ಗಿ, ನೀಲಿ ಅಂಗಿಯವನ ಮೇಲೆ ಬೋರಲು ಬಿದ್ದುಬಿಟ್ಟರು. ಮೂರು ನಾಲ್ಕು ಏಟು ಅವರ ಬೆನ್ನಿಗೇ ಬಿದ್ದವು. ಹೆಗಲ ಮೂಳೆ ಮುರಿಯಿತು. ಮೇಷ್ಟ್ರು ಎಂದು ಯಾರೋ ಕೂಗಿದ ಮೇಲೆ ಕೈಗಳು ನಿಂತವು.

ಪೊಲೀಸರ ಜೀಪು ಇನ್ನೂ ಬಂದಿರಲಿಲ್ಲ. ಟೆಂಪೊ ಡ್ರೈವರ್ ತೋಳಿಗೆ ಟವೆಲ್ ಬಿಗಿದುಕೊಂಡು ಗಾಡಿ ತಂದ. ಅಡುಗೆಮನೆಯ ಚಿಲಕ ತೆಗೆದರು. ಅತ್ತಿಗೆ ಹಿಟ್ಟಿನ ಕೈಯಲ್ಲೇ ಓಡಿ ಬಂದು ಗಾಡಿ ಹತ್ತಿದರು. ನಾನು ಮಂತ್ರಿಮಗಳ ಸೀರೆಯನ್ನು ಬಿಚ್ಚಿ ಮುದ್ದೆ ಮಾಡಿ ಪ್ರೆಸ್ಸಣ್ಣನ ಹೊಟ್ಟೆಗೆ ಒತ್ತಿ ಹಿಡಿದಿದ್ದೆ. ಅದು ಬಿಸಿಯಾಗುತ್ತ, ಭಾರವಾಗುತ್ತ ಹೋಯಿತು. ತುಮಕೂರು ರಸ್ತೆಯಲ್ಲಿ ಲಾರಿಗಳು ಹೆಜ್ಜೆ ಹೆಜ್ಜೆಗೂ ನಿಂತಿದ್ದವು. ಅತ್ತಿಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಟಿದ ಗಡ್ಡವನ್ನು ಬಿಡಿಸಲು ನೋಡುತ್ತಿದ್ದರು. ಮೂರು ಬೆರಳಿಗೆ ಅದು ಸಿಗುತ್ತಿರಲಿಲ್ಲ. ನೀರು ಬೇಕು ಎಂದ. ಕೊಡಬಾರದೆಂದು ನಾನೇ ತಡೆದೆ. ಆಸ್ಪತ್ರೆಯ ಬೋರ್ಡು ಕಾಣುವಷ್ಟರಲ್ಲಿ...

ಬಿಳಿ ಅಂಗಿಯವನು ಬದುಕಿಕೊಂಡ. ಅವನಿಗೆ ಜೀವಾವಧಿ ಆಯಿತು. ನಾಟಕವನ್ನು ಮೊಬೈಲಿನಲ್ಲಿ ಹಿಡಿದವರು ಬಹಳ ಜನ ಇದ್ದರು, ಜನಗಳ ನಗು, ವಿಸಿಲ್ಲು ಎಲ್ಲ ಅದರಲ್ಲಿತ್ತು. ಕಟಕಟೆಯಲ್ಲಿ ನಿಂತು ಅಣ್ಣನ ವಿರುದ್ಧ ಸಾಕ್ಷಿ ಹೇಳಿದವನು ಆ ನೀಲಿ ಅಂಗಿಯ ತಮ್ಮನೇ. ಕಂಟ್ರಾಕ್ಟರನ ಫೋನು ಊರಿಗೆ ಬಂದದ್ದನ್ನೂ ಹೇಳಿದ. ಆದರೂ ಕಂಟ್ರಾಕ್ಟರ್ ಸ್ವಲ್ಪ ದಿನ ಒಳಗಿದ್ದು ಹೊರಗೆ ಬಂದ. ಈಗ ಬೇರೆ ಯಾವುದೋ ಕಾರ್ಖಾನೆಗೆ ಜನ ಕಳಿಸುತ್ತಾನಂತೆ. ಇನ್ಸ್‌ಪೆಕ್ಟರ ಮುಂದೆ ಸಹಿ ಹಾಕಲು ಪ್ರೆಸ್ಸಣ್ಣ ಇರಲಿಲ್ಲ, ಅವನ ಬದಲು ಅಂದು ನೆಲ ನೋಡಿದ್ದ ಇಡೀ ಪ್ರೆಸ್ ಶಾಪು ಹೋಗಿ ಹೇಳಿತು. ಬಿಹಾರದ ಆ ಮನುಷ್ಯನಿಗೆ ಪರಿಹಾರ ಸಿಕ್ಕಿತು. ಮೇಷ್ಟ್ರು ಮತ್ತೆ ಯಾವ ನಾಟಕವನ್ನೂ ಆಡಿಸಲಿಲ್ಲ. ನೋಡಲು ಹೋಗಿದ್ದಾಗ ಒಮ್ಮೆ ಅಂದರು, "ಅರಮನೆಯೋನೂ ಹಳ್ಳಿಯೋನೂ ಫೋನಲ್ಲಿ ಮಾತಾಡ್ಕೊಂಡ್ರಲ್ಲಮ್ಮ, ನನಗೆ ಅದು ಹೊಳೆದೇ ಇರಲಿಲ್ಲ." ಅವರೂ ಈಗಿಲ್ಲ.

ಅತ್ತಿಗೆ ಈಗ ಹೆಬ್ಬಗೋಡಿಯಲ್ಲಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ತಮ್ಮ ಕಡೆಯ ಹುಡುಗರಿಗೆ ಒಂದು ಪುಟ್ಟ ಖಾನಾವಳಿ ಇಟ್ಟಿದ್ದಾರೆ. ಆ ತಮ್ಮನೂ ಹತ್ತಿರದಲ್ಲೇ ಎಲ್ಲೋ ಸೆಕ್ಯುರಿಟಿ ಕೆಲಸ ಮಾಡುತ್ತಾನೆ. ದಿನವೂ ಬಂದು ಹೊರಗಿನ ಬೆಂಚಿನ ಮೇಲೆ ಕೂರುತ್ತಾನೆ. ಅತ್ತಿಗೆ ತಟ್ಟೆಯಲ್ಲಿ ರೊಟ್ಟಿ ಪಲ್ಯ ತಂದಿಡುತ್ತಾರೆ. ಇಷ್ಟು ವರ್ಷಗಳಲ್ಲಿ ಅವನ ಜೊತೆ ಒಂದು ಮಾತೂ ಆಡಿಲ್ಲ.

ಆ ವೇಷಭೂಷಣದ ದಿನದಿಂದ ಮನಸ್ಸು ತಡೆಯಲಿಲ್ಲ. ಹೋದ ಭಾನುವಾರ ಬಸ್ಸು ಹತ್ತಿ ಹೆಬ್ಬಗೋಡಿಗೆ ಹೋದೆ. ಮಧ್ಯಾಹ್ನದ ಊಟದವರೆಲ್ಲ ಹೋಗಿ ಅಂಗಡಿ ಖಾಲಿಯಾಗಿತ್ತು. ಅತ್ತಿಗೆಯ ಕೂದಲು ಪೂರ್ತಿ ಬೆಳ್ಳಗಾಗಿದೆ. ಇದ್ದಿದ್ದರೆ ಪ್ರೆಸ್ಸಣ್ಣನಿಗೂ ಈಗ ಅಂಟಿಸಿದ ಗಡ್ಡ ಬೇಕಾಗುತ್ತಿರಲಿಲ್ಲ. ಅವರು ರೊಟ್ಟಿ ತಟ್ಟುತ್ತ, ನಾನು ಎದುರಿಗೆ ಮಣೆ ಹಾಕಿಕೊಂಡು ಕೂತು, ಅದೂ ಇದೂ ಮಾತಾಡುತ್ತಿದ್ದೆವು. ನಡುವೆ, ಇದುವರೆಗೂ ಕೇಳದಿದ್ದದ್ದನ್ನು ಅತ್ತಿಗೆ ಕೇಳಿದರು.

"ಅವತ್ತ ಅವರು ಏನ್ ಹೇಳಿದ್ರು, ತಂಗಿ? ಮಂದಿ ಅಷ್ಟು ನಕ್ಕರಲ್ಲ?"

ನಾನು ನೆನಪಿದ್ದಷ್ಟನ್ನೂ ಹೇಳಿದೆ. ಹೋಳಿಗೆ, ತುಪ್ಪ, ಕೊಡಲಿ, ಮೂರನೇ ಸಾಲು. ಜನರಿಗೆ ಗೊತ್ತಿರಲಿಲ್ಲ ಅತ್ತಿಗೆ, ನಾಟಕದ್ದೇ ಮಾತು ಅಂದುಕೊಂಡರು ಎಂದೆ. ಅವರು ಕೈ ನಿಲ್ಲಿಸದೆ ಕೇಳಿಸಿಕೊಂಡರು. ರೊಟ್ಟಿ ಎತ್ತಿ ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಸವರಿದರು.

"ನಂಗ ಗ್ವಾಡಿ ಆಚೆ ನಗೂದು ಕೇಳ್ತಿತ್ತು," ಎಂದರು. "ಅವರು ಚೊಲೊ ಮಾಡಾಕತ್ತಾರ ಅಂತ, ಒಳಗ ನಾನೂ ಒಬ್ಬಾಕಿನ ನಕ್ಕೆ."